ಕೆಳಗೆ ಒತ್ತಬೇಕಾದ ಕೈ

ನ್ಯೂಜಿಲೆಂಡಿನಲ್ಲಿ ಹೆಲಿಕಾಪ್ಟರ್ ಹಾರಿಸಲು ಕಲಿತು ಬಂದ ಸ್ನೇಹಾಳನ್ನು ಬೆಟಗೇರಿಯಲ್ಲಿ ದಿನಕ್ಕೊಬ್ಬರಾದರೂ ಕೇಳುತ್ತಿದ್ದರು: "ಯಾವಾಗ ಹಾರಸ್ತೀಯವಾ?"

ಅಲ್ಲಿನ ಲೈಸೆನ್ಸು ಇಲ್ಲಿ ನಡೆಯುವುದಿಲ್ಲ, ಇಲ್ಲಿಯದಕ್ಕೆ ಬದಲಿಸಿಕೊಳ್ಳಬೇಕು ಎಂದು ಅವಳು ಹೇಳುತ್ತಿದ್ದಳು. ಅದು ನಿಜವೇ. ಕಾಯ್ದೆಯ ಪರೀಕ್ಷೆ, ಹವಾಮಾನದ್ದು, ರೇಡಿಯೊದ್ದು, ವೈದ್ಯರ ತಪಾಸಣೆ ಎಲ್ಲ ಹತ್ತು ತಿಂಗಳಲ್ಲಿ ಮುಗಿದಿದ್ದವು. ಪರೀಕ್ಷಕರ ಪಕ್ಕ ಕೂತು ಹಾರಿಸಿ ತೋರಿಸುವುದೊಂದು ಬಾಕಿ. ಅದನ್ನು ಅವಳು ಎರಡು ಸಲ ಮುಂದೂಡಿದ್ದಳು. ಮೊದಲ ಸಲ ಜ್ವರ ಎಂದಳು. ಎರಡನೆಯ ಸಲ ಅಣ್ಣನ ಮದುವೆ ಎಂದಳು. ಅವಳಿಗೆ ಅಣ್ಣನೇ ಇರಲಿಲ್ಲ.

ಅವಳ ತಂದೆ ಉಳವಪ್ಪನವರದು ಹತ್ತಿಬೀಜದ ಅಂಗಡಿ. ಒಂದು ದಿನ ನೆಂಟರ ಮನೆಯ ಊಟಕ್ಕೆಂದು ಮಗಳನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋದರು. ಅಂದು ಯಾರೋ ಮಂತ್ರಿ ಹೆಲಿಕಾಪ್ಟರಿನಲ್ಲಿ ಬರುವವರಿದ್ದರು. ಮೈದಾನದ ಸುತ್ತ ಜನ ನೆರೆದಿತ್ತು.

"ಬಾ, ನೋಡೂನು. ನಮಗೂ ಒಂದೀಟು ತಿಳಿಸಿ ಹೇಳು," ಎಂದು ಉಳವಪ್ಪನವರು ಕಾರು ನಿಲ್ಲಿಸಿದರು.

ಶಿರಹಟ್ಟಿಯ ದಿಕ್ಕಿನಿಂದ ಸದ್ದು ಬಂತು. ಯಂತ್ರ ಕೆಳಗಿಳಿದಂತೆ ಮಣ್ಣೆದ್ದು ಕಣ್ಣು ಕಾಣದಾಯಿತು. ಧೂಳು ತಿಳಿಯಾದಾಗ ಮಗಳು ಪಕ್ಕದಲ್ಲಿರಲಿಲ್ಲ. ಹುಡುಕಿದರೆ ಕಾರಿನ ಹಿಂದೆ ನೆಲದ ಮೇಲೆ ಕೂತಿದ್ದಳು. ಮುಖ ಬೆವೆತಿತ್ತು. ಎಡಗೈಯಿಂದ ತನ್ನ ತೊಡೆಯನ್ನು ಮತ್ತೆ ಮತ್ತೆ ಕೆಳಗೆ ಒತ್ತುತ್ತಿದ್ದಳು.

"ಏನಾತವಾ? ಯಾಕ ಹಿಂಗ ಮಾಡಾಕತ್ತಿ?"

"ಏನಿಲ್ರಿ ಅಪ್ಪಾಜಿ."

"ಏನಿಲ್ಲಂದ್ರ ತೊಡಿ ಯಾಕ ಒತ್ತಾಕತ್ತಿ?"

ಆಗ ಅವಳು ಒಂದೂವರೆ ವರ್ಷ ಮುಚ್ಚಿಟ್ಟಿದ್ದನ್ನು ಹೇಳಿದಳು. ಹಾರುವಾಗ ಇಂಜಿನ್ ನಿಂತರೆ ಎಡಗೈಯ ಲಿವರನ್ನು ಒಂದೇ ಸೆಕೆಂಡಿನಲ್ಲಿ ಕೆಳಗೆ ಒತ್ತಬೇಕು. ಒತ್ತಿದರೆ ಕೆಳಗಿನಿಂದ ನುಗ್ಗುವ ಗಾಳಿಗೇ ಮೇಲಿನ ರೆಕ್ಕೆಗಳು ತಿರುಗುತ್ತವೆ, ಹುಷಾರಾಗಿ ಇಳಿಯಬಹುದು. ತಡವಾದರೆ ಯಂತ್ರ ಕಲ್ಲಿನಂತೆ ಬೀಳುತ್ತದೆ. ಅಲ್ಲಿ ಗುರು ಹೇಳದೆ ಕೇಳದೆ ಇಂಜಿನ್ನಿನ ಬಲ ಇಳಿಸಿ ಇದನ್ನೇ ಕಲಿಸುತ್ತಿದ್ದ. ಒಂದು ಬೆಳಿಗ್ಗೆ ಹಾಗೆ ಇಳಿಸಿದಾಗ ಅವಳ ಕೈ ಅಲುಗಲೇ ಇಲ್ಲ. ಅದು ತನ್ನ ಕೈಯೇ ಅಲ್ಲ ಎಂಬಂತೆ ನೋಡುತ್ತ ಕೂತಳು. ಗುರು ಕಿರುಚಿ ತಾನೇ ಲಿವರ್ ಒತ್ತಿದ. ಹುಲ್ಲುಗಾವಲಿಗೆ ಅಪ್ಪಳಿಸಿ ಯಂತ್ರದ ಕಾಲು ಸೊಟ್ಟಗಾಯಿತು. ಇಬ್ಬರೂ ಬದುಕಿದರು. ಆಮೇಲೆ ಕಲಿತಳು, ಪಾಸಾದಳು. ಆದರೆ ಆಗೆಲ್ಲ ಗುರು ಮೊದಲೇ ಹೇಳಿ ಇಂಜಿನ್ ಇಳಿಸುತ್ತಿದ್ದ. ಹೇಳದೆ ಇಳಿಸಿದರೆ ಕೈ ಒತ್ತುತ್ತದೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ.

ಊರಿಗೆ ಮರಳುವಾಗ ಶಿರಹಟ್ಟಿ ದಾಟಿದ ಮೇಲೆ ಉಳವಪ್ಪನವರು ಕಾರಿನ ವೇಗ ತಗ್ಗಿಸಿದರು. ಆಮೇಲೆ ಕೇಳಿದರು, "ಖರೆ ಹೇಳು. ಹಾರೂದು ನಿನಗ ಬೇಕ ಐತೇನು? ಬ್ಯಾಡಂದ್ರ ಇಲ್ಲಿಗೇ ಬಿಡೂನು. ಮಂದಿ ಏನರ ಅನ್ಲಿ."

"ಬೇಕ್ರಿ," ಎಂದಳು. "ಬೇಕಂತನ ಇಷ್ಟ ಅಂಜಿಕಿ."

"ಹಂಗಾರ ಪರೀಕ್ಷಾ ತಗೊಳ್ಳಾವರಿಗೆ ಹೇಳು. ನನಗ ಹೇಳಿ ಏನ್ ಬಂತು? ನನಗ ಟ್ರ್ಯಾಕ್ಟರ್ ಸೈತ ಹೊಡಿಯಾಕ ಬರೂದಿಲ್ಲ."

ಪರೀಕ್ಷಕಿ ಕ್ಯಾಪ್ಟನ್ ಫರ್ಹಾನಾ ಹುಬ್ಬಳ್ಳಿಯವರು. ದೂರದ ಊರಿನ ಹಾರಾಟದ ಮೈದಾನದಲ್ಲಿ ಅವರ ಮುಂದೆ ನಿಂತು ಸ್ನೇಹಾ ಎಲ್ಲವನ್ನೂ ಹೇಳಿದಳು. ಹೇಳುವಾಗಲೇ ಲೈಸೆನ್ಸ್ ಕೈತಪ್ಪಿತು ಅನ್ನಿಸಿತು.

ಫರ್ಹಾನಾ ಹೆಲ್ಮೆಟ್ ಒರೆಸುತ್ತ ಕೇಳಿಸಿಕೊಂಡರು. "ಇವತ್ತ ಪರೀಕ್ಷಾ ಇಲ್ಲ. ಬರೇ ರೂಢಿ. ಹೇಳಿ ಇಂಜಿನ್ ಇಳಸ್ತೇನಿ. ನಾಳೆ ಹೇಳೂದಿಲ್ಲ. ನಾಳೆ ಕೈ ಒತ್ತಲಿಲ್ಲಂದ್ರ ನಾ ಸಹಿ ಹಾಕೂದಿಲ್ಲ, ತಿಳೀತಿಲ್ಲ?"

ಅಂದು ಹನ್ನೊಂದು ಸಲ ಹಾಗೆ ಇಳಿದರು. ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಗಂಟೆ ಹಾರಿದರೂ ಏನೂ ಆಗಲಿಲ್ಲ. ಪ್ರತಿ ನಿಮಿಷವೂ ಅವಳು ಇಂಜಿನ್ನಿನ ಸದ್ದಿಗೇ ಕಿವಿಗೊಟ್ಟಿದ್ದಳು. ಫರ್ಹಾನಾ ಕೆರೆಯೊಂದನ್ನು ತೋರಿಸಿ ಏನೋ ಹೇಳುತ್ತಿದ್ದರು. ಮಾತಿನ ನಡುವೆಯೇ ಇಂಜಿನ್ನಿನ ದನಿ ಇಳಿಯಿತು. ಯಂತ್ರ ಎಡಕ್ಕೆ ಹೊರಳಿತು. ಸ್ನೇಹಾ ಚೀರಿದಳು. ಚೀರುತ್ತಲೇ ನೋಡಿದಳು: ಲಿವರ್ ಆಗಲೇ ಕೆಳಗಿತ್ತು. ಕೈ ಅದರ ಮೇಲಿತ್ತು. ನೆಲ ಎದ್ದು ಬರುತ್ತಿತ್ತು. ಚೀರುವುದನ್ನು ನಿಲ್ಲಿಸಲಾಗಲಿಲ್ಲ. ಆದರೂ ಗಾಳಿಯ ದಿಕ್ಕಿಗೆ ತಿರುಗಿಸಿದಳು, ಬಯಲು ಆರಿಸಿದಳು, ಮೂಗು ಎತ್ತಿ ವೇಗ ತಗ್ಗಿಸಿದಳು. ನೆಲ ಹತ್ತಡಿ ದೂರ ಇರುವಾಗ ಫರ್ಹಾನಾ ಇಂಜಿನ್ ಏರಿಸಿದರು. ಯಂತ್ರ ಹುಲ್ಲಿನ ಮೇಲೆ ತೇಲಿ ನಿಂತಿತು.

"ಒದರಿದ್ದಕ್ಕ ಕ್ಷಮಿಸ್ರಿ ಮೇಡಂ."

"ಒದರೂದಕ್ಕ ಮಾರ್ಕ್ಸ್ ಇಲ್ಲ. ನಾ ಕೈ ನೋಡಾಕತ್ತಿದ್ನಿ. ಇನ್ನೊಮ್ಮೆ ಏರಸು."

ಆ ದಿನ ಹೇಳದೆ ಇನ್ನೆರಡು ಸಲ ಇಂಜಿನ್ ಇಳಿಯಿತು. ಎರಡು ಸಲವೂ ಕೈ ಮೊದಲು ಹೋಯಿತು, ಹೆದರಿಕೆ ಹಿಂದಿನಿಂದ ಬಂತು. ಮಧ್ಯಾಹ್ನ ಫರ್ಹಾನಾ ಸಹಿ ಹಾಕಿದರು. ಸ್ನೇಹಾ ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದುಕೊಂಡು, ಅಪ್ಪನಿಗೆ ಫೋನು ಹಚ್ಚಿದಳು.

ಊರಿಗೆ ಬಂದವಳು ಅವ್ವ ಶಾರದವ್ವನಿಗೂ ಹುಲ್ಲುಗಾವಲಿನ ಸಂಗತಿ ಹೇಳಿದಳು. ಶಾರದವ್ವ ಎರಡು ದಿನ ಮಗಳ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ, ತಿರುಗಿ ನೋಡದೆ, "ನೌಕರಿ ಎಲ್ಲಿ ನೋಡಾಕತ್ತಿ?" ಎಂದು ಕೇಳಿದಳು.