ಒಲೆಯ ಮುಂದಿನ ಶಾಲು

ಚಳಿಗಾಲ ನಡುವಿಗೆ ಬಂದಿತ್ತು. ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಬೀದಿಯಲ್ಲಿ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿ ನಿಂತಿತ್ತು. ಇದು ಶುರುವಾದದ್ದು ಅಂಥ ಒಂದು ಮುಂಜಾವದಲ್ಲಿ.

ಬೀದಿಯ ಮೂಲೆಯಲ್ಲಿ ಒಂದು ಬೇಕರಿ. ಮುಂದೆ ಗಾಜಿನ ಕಪಾಟು, ಹಿಂದೆ ಇಟ್ಟಿಗೆಯ ದೊಡ್ಡ ಒಲೆ. ಗಂಡ ತೀರಿಕೊಂಡ ಮೇಲೆ ಆ ಒಲೆಯನ್ನು ಒಬ್ಬಳೇ ನಡೆಸಿಕೊಂಡು ಬಂದವಳನ್ನು ಎಲ್ಲರೂ ಬ್ರೆಡ್ಡಮ್ಮ ಎಂದೇ ಕರೆಯುತ್ತಿದ್ದರು. ಮರದ ಮರಿಗೆಯಲ್ಲಿ ಹಿಟ್ಟು ನಾದಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಅದು ಉಬ್ಬುವ ತನಕ ಸ್ಟೂಲಿನ ಮೇಲೆ ಕೂತರೆ ಅವಳಿಗೆ ಸಣ್ಣ ಜೋಂಪು ಹತ್ತುತ್ತಿತ್ತು. ಎದುರಿಗೆ ಒಲೆಯ ಕಾವು, ಹಿಂದೆ ಹಿತ್ತಿಲ ಬಾಗಿಲಿನ ಕುಳಿರ್ಗಾಳಿ. ಬಾಗಿಲು ಮುಚ್ಚಿದರೆ ಹೊಗೆ ನಿಲ್ಲುತ್ತದೆ. ನನ್ನ ಮುಖ ಬೇಸಿಗೆಯಲ್ಲಿದೆ, ಬೆನ್ನು ಮಾತ್ರ ಚಳಿಗಾಲದಲ್ಲಿದೆ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಆ ಬೆನ್ನನ್ನು ನೆನೆದೇ ಮಗಳು ಶಾಲು ತಂದದ್ದು. ಮಗಳು ಪಟ್ಟಣದ ನೂಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಎಂಟು ದಿನದ ರಜೆಗೆ ಬಂದಿದ್ದಳು. ಶಾಲಿನ ಬಣ್ಣ ಮಂಜಿನದೇ. ಮುಟ್ಟಿದರೆ ಕೈಯೊಳಗೆ ಕರಗಿಹೋಗುವಷ್ಟು ಮೆತ್ತಗೆ.

"ಇದರ ನೂಲು ನನ್ನ ಮೆಷಿನ್ನಿಂದಾನೇ ಬಂದದ್ದಮ್ಮ," ಎಂದಳು ಮಗಳು.

ಎಸೆದ ಪ್ಲಾಸ್ಟಿಕ್ ಬಾಟಲಿಗಳನ್ನು ತೊಳೆದು, ಚೂರು ಮಾಡಿ, ಕರಗಿಸಿ, ಸಣ್ಣ ತೂತುಗಳಿಂದ ಎಳೆ ಎಳೆಯಾಗಿ ಇಳಿಸುವುದನ್ನು ಅವಳು ವಿವರಿಸಿದಳು. ಬ್ರೆಡ್ಡಮ್ಮ ಕಥೆ ಕೇಳುವ ಮಗುವಿನ ಹಾಗೆ ಬಾಯಿ ಬಿಟ್ಟು ಕೇಳಿದಳು. ಬಾಟಲಿ ಹೋಗಿ ಮೋಡವಾಗುವುದೆಂದರೆ ಸಾಮಾನ್ಯವೇ? ಅಂದಿನಿಂದ ಶಾಲು ಅವಳ ಹೆಗಲಿನಿಂದ ಇಳಿಯಲಿಲ್ಲ.

ಐದನೆಯ ದಿನ ತಟ್ಟೆಯನ್ನು ಒಲೆಯಿಂದ ಎಳೆಯುವಾಗ ಶಾಲಿನ ತುದಿ ಒಲೆಯ ಕಬ್ಬಿಣದ ಬಾಗಿಲಿಗೆ ತಾಗಿತು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಬೆಂಕಿ ಏಳಲಿಲ್ಲ. ನೋಡಿದರೆ ಗೋಲಿಯಷ್ಟು ತೂತು. ಅದರ ಅಂಚಿನಲ್ಲಿ ಬೂದಿ ಇರಲಿಲ್ಲ. ಸಾಸಿವೆಯ ಹಾಗೆ ಗಟ್ಟಿ ಕರಿ ಮಣಿಗಳಿದ್ದವು. ತನ್ನದೇ ಕೈ ತಪ್ಪು ಎಂದುಕೊಂಡು ಅವಳು ತೂತನ್ನು ಶಾಲಿನ ಮಡಿಕೆಯೊಳಗೆ ಬಚ್ಚಿಟ್ಟಳು. ಮಗಳು ಕಂಡರೆ ಏನಂದುಕೊಂಡಾಳು?

ಮಧ್ಯಾಹ್ನ ಮಗಳು ಮಲಗಿದ್ದಾಗ ಎದುರುಮನೆಯ ಸೂಜಿಯಕ್ಕನ ಹತ್ತಿರ ಹೋದಳು. ಸೂಜಿಯಕ್ಕ ನಲವತ್ತು ವರ್ಷದಿಂದ ಆ ಬೀದಿಯ ಬಟ್ಟೆ ಹೊಲಿದವಳು. ಕನ್ನಡಕದ ಕಾಲಿಗೆ ನೂಲು ಸುತ್ತಿರುತ್ತಿತ್ತು, ನಾಲಿಗೆಗೆ ಮಾತ್ರ ಯಾವ ಕಟ್ಟೂ ಇರಲಿಲ್ಲ. ತೂತಿನ ಅಂಚನ್ನು ಉಗುರಿನಿಂದ ಗೀರಿ ನೋಡಿದಳು.

"ಇದನ್ನ ಹೊದ್ಕೊಂಡು ಒಲೆ ಮುಂದೆ ನಿಲ್ತಿದ್ದೀಯಾ?"

"ಹೂಂ. ಉಣ್ಣೆ ಥರಾನೇ ಬೆಚ್ಚಗಿದೆಯಲ್ಲಾ."

"ಬೆಚ್ಚಗಿರೋದೆಲ್ಲ ಉಣ್ಣೆ ಆದ್ರೆ ನಿನ್ನ ಬನ್ನೂ ಉಣ್ಣೆನೇ."

ಸೂಜಿಯಕ್ಕ ಒಂದು ಮೇಣದ ಬತ್ತಿ ಹಚ್ಚಿ, ಪಕ್ಕದಲ್ಲಿ ತಟ್ಟೆಯಲ್ಲಿ ನೀರಿಟ್ಟಳು. ಚಿಮಟದಲ್ಲಿ ಒಂದೊಂದೇ ಎಳೆ ಹಿಡಿದಳು. ಮೊದಲನೆಯದು ಬ್ರೆಡ್ಡಮ್ಮ ಕಟ್ಟಿಕೊಂಡಿದ್ದ ಹಳೆಯ ಹತ್ತಿ ಏಪ್ರನ್ನಿನದು. ಸರಸರ ಉರಿಯಿತು, ಕಾಗದ ಸುಟ್ಟ ವಾಸನೆ ಬಂತು, ಮುಟ್ಟಿದರೆ ಹಾರುವ ಬೂದಿಯಾಯಿತು. ಎರಡನೆಯದು ತನ್ನ ಉಣ್ಣೆಯ ಕಂಬಳಿಯದು. ಅದು ಚುರುಗುಟ್ಟಿ, ಕೂದಲು ಸೀದ ವಾಸನೆ ಕೊಟ್ಟು, ಬತ್ತಿಯಿಂದ ದೂರ ಸರಿಸಿದ ಕೂಡಲೇ ತಾನೇ ಆರಿತು. ಮೂರನೆಯದು ಶಾಲಿನದು. ಜ್ವಾಲೆ ಹತ್ತಿರ ಬರುವ ಮೊದಲೇ ಮುದುಡಿಕೊಂಡಿತು. ಆಮೇಲೆ ಉರಿಯುತ್ತಲೇ ಹನಿಯಾಗಿ ಜಾರಿತು. ಹನಿ ನೀರಿಗೆ ಬಿದ್ದು ಚುಂಯ್ ಎಂದಿತು. ಎತ್ತಿ ನೋಡಿದರೆ ಕಲ್ಲಿನಂಥ ಮಣಿ.

ಸೂಜಿಯಕ್ಕನ ದನಿ ಮೆತ್ತಗಾಯಿತು. "ಹತ್ತಿ ಅಂತ ಒಲೆಗೆ ಒರಗಿಕೊಳ್ಳೋ ಹಾಗಿಲ್ಲ, ಅದೂ ಉರಿಯುತ್ತೆ. ಆದ್ರೆ ಕರಗಿ ಮೈಗೆ ಮೆತ್ತಿಕೊಳ್ಳಲ್ಲ. ಇದು ಮೆತ್ತಿಕೊಳ್ಳುತ್ತೆ ಕಣೇ. ಕಿತ್ತರೆ ಚರ್ಮಾನೂ ಜೊತೆಗೇ ಬರುತ್ತೆ."

ಬ್ರೆಡ್ಡಮ್ಮ ಆ ಮಣಿಯನ್ನು ಉಗುರಿನಿಂದ ಒತ್ತಿ ನೋಡಿದಳು. ಅವಳಿಗೆ ನಂಬಿಕೆ ಬಂದಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ಮಗಳು ಹೊರಡುವ ತನಕ ಇನ್ನು ಮೂರೇ ದಿನ, ಅಲ್ಲಿಯವರೆಗೆ ಹುಷಾರಾಗಿ ಹೊದ್ದುಕೊಳ್ಳುತ್ತೇನೆ ಎಂದಳು.

"ಅವಳ ಕೈಯಿಂದ ಬಂದದ್ದು. ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಅದು ಮಗಳು ಕೊಟ್ಟದ್ದು ಅಂತ ಬೆಂಕಿಗೆ ಗೊತ್ತಾಗಲ್ಲ," ಎಂದು ಸೂಜಿಯಕ್ಕ ಬತ್ತಿ ಆರಿಸಿದಳು.

ಮರುದಿನ ಮುಂಜಾವ ಹಿಟ್ಟು ಉಬ್ಬುತ್ತಿತ್ತು. ಬ್ರೆಡ್ಡಮ್ಮನಿಗೆ ಜೋಂಪು ಹತ್ತಿತು. ಕನಸಿನಲ್ಲಿ ಹಳೆಯ ಕಾಲದ ಹಿಟ್ಟಿನ ಚೀಲಗಳು ಬಂದವು. ಆಗ ಚೀಲ ಹತ್ತಿಯದಾಗಿರುತ್ತಿತ್ತು, ಮೇಲೆ ಗೋಧಿ ತೆನೆಯ ಮುದ್ರೆ. ಹತ್ತು ಸಲ ಒಗೆದರೆ ತೆನೆ ಮಾಸಿ ನೆರಳಿನ ಹಾಗೆ ಉಳಿಯುತ್ತಿತ್ತು. ಮಗಳು ಹುಟ್ಟಿದಾಗ ಸುತ್ತಿದ್ದು ಅದರಲ್ಲೇ. ಈಗ ಬರುವ ಚೀಲ ಪ್ಲಾಸ್ಟಿಕ್ಕಿನದು, ಹಿಟ್ಟನ್ನು ತೇವದಿಂದ ಕಾಯುತ್ತದೆ, ಆದರೆ ಮಗುವನ್ನು ಸುತ್ತಲು ಬರುವುದಿಲ್ಲ. ಕನಸಿನಲ್ಲಿ ತೆನೆಯ ನೆರಳಿನಡಿ ಮಗು ಮಲಗಿತ್ತು. ಮೇಲಿನಿಂದ ಮಂಜಿನ ಬಣ್ಣದ ಮೋಡ ತೊಟ್ಟಿಕ್ಕತೊಡಗಿತು. ಒಂದು ಹನಿ, ಇನ್ನೊಂದು ಹನಿ. ಹನಿಗಳು ಬಿಸಿಯಾಗಿದ್ದವು.

ಬೆಚ್ಚಿ ಕಣ್ಣು ಬಿಟ್ಟಳು. ಶಾಲು ಹೆಗಲಿನಿಂದ ಜಾರಿ ನೆಲದ ಮೇಲೆ ಹರಡಿತ್ತು. ಅದರ ತುದಿಗೂ ಒಲೆಯ ಬಾಯಿಗೂ ನಡುವೆ ಒಂದು ಗೇಣು ಉಳಿದಿತ್ತು. ಮಗಳು ಮೊಣಕಾಲೂರಿ ಅದನ್ನು ಎಳೆದುಕೊಳ್ಳುತ್ತಿದ್ದಳು. ಮಡಿಕೆ ಬಿಚ್ಚಿಕೊಂಡು ತೂತು ಹೊರಗೆ ಬಿತ್ತು.

ಕಿಡಿ ಹಾರಿತ್ತು ಎಂದು ಬ್ರೆಡ್ಡಮ್ಮ ಏನೋ ಹೇಳಹೋದಳು. ಮಗಳು ಕೇಳಿಸಿಕೊಳ್ಳಲಿಲ್ಲ. ತೂತಿನ ಅಂಚಿನ ಮಣಿಯನ್ನು ಬೆರಳ ನಡುವೆ ಹೊರಳಿಸುತ್ತಿದ್ದಳು. ಆ ಮಣಿ ಅವಳಿಗೆ ಹೊಸದಲ್ಲ. ತನ್ನ ಮೆಷಿನ್ನಿನ ಕೆಳಗಿನಿಂದ ದಿನವೂ ಅಂಥವನ್ನೇ ಗುಡಿಸಿ ಹಾಕುತ್ತಿದ್ದಳು.

"ನಮ್ಮ ಮೆಷಿನ್ ಹತ್ರ ಹೋಗೋವಾಗ ದಪ್ಪ ಹತ್ತಿ ಕೋಟು ಹಾಕ್ಲೇಬೇಕಮ್ಮ. ಕೋಟಿಲ್ಲದೆ ಒಳಗೆ ಬಿಡಲ್ಲ," ಎಂದಳು ನಿಧಾನವಾಗಿ. "ಕರಗಿಸಿ ಮಾಡಿದ ನೂಲು, ಬೆಂಕಿ ಕಂಡ್ರೆ ಮತ್ತೆ ಕರಗುತ್ತೆ. ದಿನಾ ನೋಡ್ತೀನಿ. ನಿನ್ನ ಬೆನ್ನು ನೆನಪಾಯ್ತು, ನಿನ್ನ ಒಲೆ ನೆನಪಾಗಲಿಲ್ಲ ನೋಡು."

ಬ್ರೆಡ್ಡಮ್ಮ ಮಗಳ ಪಕ್ಕ ನೆಲಕ್ಕೆ ಕೂತು ಶಾಲಿನ ಇನ್ನೊಂದು ತುದಿ ಹಿಡಿದಳು. ನಿನ್ನೆಯಿಂದ ಹಿಡಿದಿಟ್ಟ ಉಸಿರು ಹೊರಬಂದ ಹಾಗಾಯಿತು.

ಅಂದೇ ಮಗಳು ಒಗೆಯಲೆಂದು ತಂದಿದ್ದ ತನ್ನ ಎರಡು ಕೋಟುಗಳಲ್ಲಿ ಒಂದನ್ನು ಅಮ್ಮನಿಗೆ ತೊಡಿಸಿದಳು. ಸೂಜಿಯಕ್ಕ ಅದರ ತೋಳನ್ನು ಮೈಗೆ ಹೊಂದುವಂತೆ ಕಿರಿದು ಮಾಡಿದಳು. ತನ್ನ ಹಳೆಯ ಕಂಬಳಿ ಕತ್ತರಿಸಿ ತೋಳಿಲ್ಲದ ಒಂದು ಉಣ್ಣೆಯಂಗಿಯನ್ನೂ ಹೊಲಿದಳು. ಕಂಬಳಿಯ ಉಳಿದರ್ಧ ಒಲೆಯ ಕೋಣೆಯ ಗೂಟದಲ್ಲಿ ತೂಗಿತು, ಆಪತ್ತಿಗೆ ಇರಲಿ ಎಂದು. ಕೂಲಿ ಎಷ್ಟೆಂದು ಕೇಳಿದರೆ, ದಿನಾ ಒಂದು ಬನ್ನು, ಉಣ್ಣೆ ಥರ ಬೆಚ್ಚಗಿರ್ಬೇಕು ಎಂದಳು.

ಹೊರಡುವ ದಿನ ಬಸ್ಸಿನ ಹತ್ತಿರ ಬ್ರೆಡ್ಡಮ್ಮ ಶಾಲನ್ನು ಮಗಳಿಗೇ ಹೊದಿಸಿದಳು. ಕೊಟ್ಟದ್ದನ್ನು ವಾಪಸ್ ಕೊಡುತ್ತೀಯಾ ಎಂದು ಮಗಳು ಕೇಳಿದಳು.

"ಕಿಟಕಿ ಗಾಳಿಗೆ ಇದಕ್ಕಿಂತ ಒಳ್ಳೇದು ಯಾವುದಿದೆ? ಬೇಸಿಗೇಲಿ ತಗೊಂಡು ಬಾ. ಬರೋಕೆ ಒಂದು ನೆಪ ಇರ್ಲಿ."

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನುಷ್ಯ ಮಾಡಿದ ನೂಲು ಕೆಟ್ಟದ್ದಲ್ಲ. ಮಳೆಗೆ ಕೊಡೆಯಾಗುತ್ತದೆ, ಮೀನಿಗೆ ಬಲೆಯಾಗುತ್ತದೆ, ಒಗೆದರೆ ಬೇಗ ಒಣಗುತ್ತದೆ. ಅದರ ಜಾಗ ಒಲೆಯ ಮುಂದಲ್ಲ, ಅಷ್ಟೇ. ಒಲೆ, ಸ್ಟೌ, ದೀಪದ ಹತ್ತಿರ ಮೈಗೆ ಹೊಂದುವ ಹತ್ತಿಬಟ್ಟೆ ತೊಡಿ, ಜೋಲಾಡುವ ತುದಿಗಳನ್ನು ಸಿಕ್ಕಿಸಿಕೊಳ್ಳಿ. ಬಟ್ಟೆ ಯಾವುದೆಂದು ತಿಳಿಯದಿದ್ದರೆ, ಮಕ್ಕಳು ಹತ್ತಿರವಿಲ್ಲದಾಗ, ಸೂಜಿಯಕ್ಕನ ಹಾಗೆ ನೀರಿಟ್ಟುಕೊಂಡು ಒಂದೇ ಎಳೆ ಸುಟ್ಟು ನೋಡಿ. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ. ನೆಲಕ್ಕೆ ಮಲಗಿ ಹೊರಳಿ, ದಪ್ಪ ಉಣ್ಣೆಯ ಕಂಬಳಿ ಸುತ್ತಿ ಆರಿಸಿ. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣನೆಯ ನೀರು ಹರಿಯಲಿ. ಅಂಟಿದ ಬಟ್ಟೆಯನ್ನು ಕೀಳಬೇಡಿ, ಎಣ್ಣೆಯನ್ನೋ ಪೇಸ್ಟನ್ನೋ ಹಚ್ಚಬೇಡಿ, ಆಸ್ಪತ್ರೆಗೆ ಹೋಗಿ. ನಿಮ್ಮವರಿಗೆ ಬಟ್ಟೆ ಕೊಡುವಾಗ ಅವರು ಎಲ್ಲಿ ನಿಂತು ಕೆಲಸ ಮಾಡುತ್ತಾರೆಂದು ಒಂದು ಗಳಿಗೆ ಯೋಚಿಸಿ.

ಬ್ರೆಡ್ಡಮ್ಮ ಹತ್ತಿಯ ಕೋಟಿನಲ್ಲಿ ಒಲೆಯ ಮುಂದಕ್ಕೆ ಮರಳಿದಳು. ಮಗಳು ಮಂಜಿನ ಬಣ್ಣದ ಶಾಲು ಹೊದ್ದು ಮಂಜಿನೊಳಗೆ ಹೊರಟದ್ದು ಒಂದು ಸೋಮವಾರ.