ಹೊಗೆಗೂಡಿನ ಮೇಲಿನ ಒದ್ದೆ ಗೋಣಿ

ಗೋಡೆಯೊಳಗೆ ಏನೋ ಜಾರಿತು. ಮೊರದಿಂದ ಒಂದು ಹಿಡಿ ಜೋಳ ಚೆಲ್ಲಿದಷ್ಟೇ ಸದ್ದು. ಮನೆಯವರೆಲ್ಲ ನಿದ್ದೆಯಲ್ಲಿದ್ದರು. ಅದು ಮತ್ತೊಮ್ಮೆ ಕೇಳಿಸುವವರೆಗೂ ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ.

ನೌಬಾದದ ನಮ್ಮ ಮನೆ ಹಳೆಯದು. ಬಚ್ಚಲಿನ ನೀರೊಲೆಯ ಹೊಗೆಗೂಡು ಗೋಡೆಯೊಳಗಿಂದಲೇ ಏರಿ ಮಾಳಿಗೆಯ ಮೇಲೆ ಬಾಯಿ ತೆರೆಯುತ್ತದೆ. ಆ ಗೋಡೆಯ ಇನ್ನೊಂದು ಮಗ್ಗುಲಿಗೆ ಬಾಣಂತಿ ಕೋಣೆ. ಹೆರಿಗೆಗೆ ಬಂದಿದ್ದ ನನ್ನ ನಾದಿನಿ ಸೋನಾಲಿ ಎಳೆಗೂಸಿನೊಂದಿಗೆ ಅಲ್ಲೇ ಮಲಗುತ್ತಿದ್ದಳು. ಗಾಳಿ ತಾಗಬಾರದೆಂದು ಅತ್ತೆ ಗಿರಿಜಾಬಾಯಿ ಕಿಟಕಿಗೆ ಹಳೆಯ ಸೀರೆ ತುರುಕಿದ್ದರು.

ಬೆಳಿಗ್ಗೆ ನೀರೊಲೆಯ ಬೂದಿಯ ಮೇಲೆ ಕೆಂಪು ಪುಡಿ, ಇಟ್ಟಿಗೆಯ ಚೂರುಗಳು ಬಿದ್ದಿದ್ದವು. ಅತ್ತೆಗೆ ತೋರಿಸಿದೆ.

"ಇಲಿ ಓಡ್ಯಾಡಿರ್ತದ. ಕಾಲೇಜ್ ಕಲ್ತಾಕಿಗೆ ಇಲಿ ಸಪ್ಪಳ ಸುದ್ದಾ ಭೂಕಂಪ ಆದಂಗ ಕೇಳಸ್ತದ ನೋಡು" ಎಂದು ನಕ್ಕರು.

"ಇಲಿ ಇಟ್ಟಂಗಿ ಕೆಡವತದೇನ್ರಿ ಅತ್ತಿ?"

ಅವರು ಬೂದಿ ಗುಡಿಸತೊಡಗಿದರು. ನಾನು ಗಾರೆ ಕೆಲಸದ ಗೌಂಡಿ ಉಸ್ಮಾನ ಮಿಯಾ ಅವರಿಗೆ ಫೋನು ಮಾಡಿದೆ.

ಅವರು ಬಂದು ಗೋಡೆಗೆ ಬೆರಳಿನಿಂದ ಬಡಿಯುತ್ತಾ ಹೋದರು. ಕೋಣೆಯ ಕಡೆ, ಸೂರಿನ ಹತ್ತಿರ, ಗಚ್ಚು ಬೆರಳಿಗೇ ಉದುರಿತು. ಮಾಳಿಗೆಯ ಮೇಲಿನ ಗೂಡಿನ ತುದಿಯಂತೂ ಒಂದು ಕಡೆ ವಾಲಿತ್ತು. ದಿನವಿಡೀ ಸಂದುಗಳನ್ನು ಕೆರೆದು, ಇಟ್ಟಿಗೆಗಳಿಗೆ ನೀರು ಕುಡಿಸಿ, ಸುಣ್ಣದ ಗಚ್ಚು ತುಂಬಿದರು. ಹೊಸ ಕೆಲಸ ಬಿಸಿಲಿಗೆ ಬಿರಿಯಬಾರದೆಂದು ಗೂಡಿನ ಬಾಯಿಯನ್ನೂ ಸೇರಿಸಿ ಒದ್ದೆ ಗೋಣಿ ಹೊದಿಸಿ, ಮೇಲೊಂದು ತಗಡು ಹೇರಿದರು. ಕೋಣೆಯ ಸೂರಿನ ಹತ್ತಿರ ಎರಡು ಇಟ್ಟಿಗೆ ಕೂರಿಸುವುದು ಇನ್ನೂ ಬಾಕಿ ಇತ್ತು. ಆ ಕಂಡಿಗೆ ಒಂದು ಬಟ್ಟೆ ಇಳಿಬಿಟ್ಟರು.

"ನಾ ಬಂದು ಗೋಣಿ ತಗಿಯೋತನಕ ಒಲಿಗಿ ಬೆಂಕಿ ಹಚ್ಚಬ್ಯಾಡ್ರಿ. ಬೇಟಿ, ನೀ ಎರಡೂ ಹೊತ್ತು ಗೋಣಿಗಿ ನೀರು ಹಾಕು" ಎಂದರು.

"ಬಾಣಂತಿಗಿ ನೀರು ಹ್ಯಾಂಗ ಕಾಸೋದ್ರಿ?" ಅತ್ತೆಯ ಮುಖ ಕೆಂಪಾಯಿತು.

"ಗ್ಯಾಸ್ ಅದ ಅಲ್ರಿ, ಅಮ್ಮಾ."

"ಗ್ಯಾಸಿನ ನೀರು ಮೈಗಿ ಹತ್ತಂಗಿಲ್ಲ. ಕಟಗಿ ಬೆಂಕಿ ನೀರೇ ಬೇಕು. ನನಗ ನಾಕು ಬಾಣಂತನ ಆಗ್ಯಾವ, ನಿಮಗೆಷ್ಟು ಆಗ್ಯಾವ?"

ಉಸ್ಮಾನ ಮಿಯಾ ನಗುತ್ತಾ ಸಾಮಾನು ಎತ್ತಿಕೊಂಡರು. ಕೋಣೆ ಬದಲಿಸೋಣವೆಂದು ನಾನು ಕೇಳಿದೆ. ಬಾಣಂತನದ ನಡುವೆ ಕೋಣೆ ಬದಲಿಸುವಂತಿಲ್ಲ ಎಂದರು ಅತ್ತೆ. ಮರುದಿನ ಗ್ಯಾಸಿನ ಮೇಲೆ ಪಾತ್ರೆಗಟ್ಟಲೆ ನೀರು ಕಾಯಿಸಿ ಕೊಟ್ಟೆ. ಸಂಜೆ ಕೂಸು ಸೀನಿತು. ಅತ್ತೆ ನನ್ನನ್ನೇ ನೋಡಿದರು. ಉಸ್ಮಾನ ಮಿಯಾ ಅವತ್ತು ಔರಾದಿನ ಕೆಲಸಕ್ಕೆ ಸಿಕ್ಕಿಕೊಂಡು ಬರಲಾಗಿರಲಿಲ್ಲ.

ಅದರ ಮರುದಿನ ಬೆಳಕು ಹರಿಯುವಾಗ ಗೋಣಿಗೆ ನೀರು ಹಾಕಲು ಮಾಳಿಗೆ ಹತ್ತಿದೆ. ಗೋಣಿಯ ಅಂಚಿನಿಂದ ದಾರದಷ್ಟು ಸಣ್ಣಗೆ ಹೊಗೆ ಹೊರಡುತ್ತಿತ್ತು. ಕೊಡ ಅಲ್ಲೇ ಕೈಬಿಟ್ಟೆ. ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ.

ಬಚ್ಚಲಿನಲ್ಲಿ ಅತ್ತೆ ಕಣ್ಣೊರೆಸಿಕೊಳ್ಳುತ್ತಾ ಒಲೆಗೆ ಊದುತ್ತಿದ್ದರು. "ಹಸಿ ಕಟಗಿ" ಎಂದರು, ತಿರುಗದೆಯೇ. ನಾನು ಕೋಣೆಯ ಬಾಗಿಲು ದೂಡಿದೆ. ಮೇಲಿನ ದಾರಿ ಮುಚ್ಚಿದ್ದರಿಂದ ಹೊಗೆಯೆಲ್ಲ ಆ ಕಂಡಿಯಿಂದ ಒಳಗೆ ಸುರಿದಿತ್ತು. ಸೋನಾಲಿ ಎದ್ದು ಕೂರಲು ಹೋಗಿ ಮತ್ತೆ ಒರಗಿದಳು. ಕೂಸು ಅಳುತ್ತಿರಲಿಲ್ಲ. ಎತ್ತಿಕೊಂಡಾಗ ಅದರ ತಲೆ ನನ್ನ ತೋಳಿನ ಮೇಲೆ ವಾಲಿತು. ಅಂಗಳಕ್ಕೆ ಓಡಿ, ಬೆನ್ನು ಉಜ್ಜುತ್ತಾ, ಅದರ ಬಾಯಿಯನ್ನೇ ನೋಡುತ್ತಾ ನಿಂತೆ. ಕೊನೆಗೆ ಕೆಮ್ಮಿತು. ಆಮೇಲೆ ಓಣಿಗೆಲ್ಲ ಕೇಳುವಂತೆ ಅತ್ತಿತು. ಪಕ್ಕದ ಮನೆಯ ಶಾಕಿರಾ ಬೇಗಂ ಬಂದು ಸೋನಾಲಿಯನ್ನು ಹೊರಗೆ ಕರೆತಂದರು.

ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಇಬ್ಬರಿಗೂ ಆಕ್ಸಿಜನ್ ಕೊಟ್ಟು, ಹೆದರಬೇಕಾಗಿಲ್ಲ, ಇನ್ನು ಆ ಕೋಣೆಗೆ ಗಾಳಿ ಬೇಕೇ ಬೇಕು ಎಂದು ಹೇಳಿ ಕಳಿಸಿದರು. ಮನೆಗೆ ಬರುವಷ್ಟರಲ್ಲಿ ಭಾಲ್ಕಿಯಲ್ಲಿ ನೌಕರಿ ಮಾಡುವ ನನ್ನ ಗಂಡ ನಾಗಸೇನ, ಡಾಬಕಾದಿಂದ ಸೋನಾಲಿಯ ಗಂಡ ಕೈಲಾಶ, ಇಬ್ಬರೂ ಬಂದಿದ್ದರು. ಉಸ್ಮಾನ ಮಿಯಾ ಗೋಣಿ ತೆಗೆಯಲು ಬಂದವರು ಅಂಗಳದಲ್ಲಿ ಅವರ ಕೈಗೆ ಸಿಕ್ಕಿಬಿದ್ದಿದ್ದರು.

"ಗೋಡಿಗಿ ತೂತು ಬಿಟ್ಟು ಹೋಗ್ತೀರೇನ್ರಿ? ಇನ್ನೊಮ್ಮಿ ಈ ಓಣ್ಯಾಗ ಕರಣಿ ಹಿಡದು ಬರ್ರಿ, ನೋಡ್ತೇನಿ" ಎಂದು ಕೈಲಾಶ ಕೂಗುತ್ತಿದ್ದರು.

ಉಸ್ಮಾನ ಮಿಯಾ ಅತ್ತೆಯತ್ತ ನೋಡಿದರು. ಅತ್ತೆ ಸೆರಗಿನ ಅಂಚು ಬಿಡಿಸುತ್ತಾ ಕುಳಿತಿದ್ದರು. ಈಗ ಹೇಳುತ್ತಾರೆ ಎಂದು ನಾನು ಕಾದೆ.

"ಅವರದು ತಪ್ಪಿಲ್ರಿ. ಬೆಂಕಿ ಹಚ್ಚಬ್ಯಾಡಂತ ಹೇಳೇ ಹೋಗಿದ್ರು" ಎಂದೆ.

"ಮತ್ತ ಹಚ್ಚಿದವರ್ಯಾರು?" ನಾಗಸೇನ ಕೇಳಿದರು.

ದಿನಾ ಆ ಒಲೆ ಹಚ್ಚುವವಳು ನಾನೇ. ಅದು ಎಲ್ಲರಿಗೂ ಗೊತ್ತು. ನಾನು ನೆಲ ನೋಡಿದೆ. ಅಷ್ಟೇ ಸಾಕಾಯಿತು.

"ವೈನಿ, ನೀವಾ?" ಎಂದಳು ಸೋನಾಲಿ. ಕೂಸನ್ನು ನನ್ನ ಮಡಿಲಿನಿಂದ ತೆಗೆದುಕೊಂಡಳು, ಎಳೆದುಕೊಳ್ಳಲಿಲ್ಲ, ಮೆಲ್ಲಗೆ ತೆಗೆದುಕೊಂಡಳು.

ಕೈಲಾಶ ಅವಳನ್ನು ಅವತ್ತೇ ಡಾಬಕಾಕ್ಕೆ ಕರೆದೊಯ್ಯಲು ಬಂದಿದ್ದವರು. ನೆಟ್ಟಗೆ ಕೂರಲಾಗದವಳನ್ನು ಜೀಪಿನಲ್ಲಿ ಅಷ್ಟು ದೂರ. ಒಲೆ ಹಚ್ಚಿದ್ದು ಅತ್ತೆ ಎಂದು ಗೊತ್ತಾಗಿದ್ದರೆ ಒಯ್ದೇ ಬಿಡುತ್ತಿದ್ದರು. ಈಗ ಅವರು ಅತ್ತೆಯ ಮುಂದೆ ಕುಳಿತರು. "ಅತ್ತಿ, ನಿಮ್ಮ ಮಾರಿ ನೋಡಿ ಬಿಟ್ಟು ಹೋಗ್ತೇನಿ. ಕೂಸು ನಿಮ್ಮ ಕೈಯಾಗೇ ಇರ್ಲಿ. ಬ್ಯಾರೆಯವರ ಕೈಯಾಗ ಕೊಡಬ್ಯಾಡ್ರಿ."

ಅತ್ತೆ ತಲೆಯಾಡಿಸಿದರು.

ಉಸ್ಮಾನ ಮಿಯಾ ಗೋಣಿ ತೆಗೆದು, ಉಳಿದ ಎರಡು ಇಟ್ಟಿಗೆ ಕೂರಿಸಿದರು. ಹೋಗುವಾಗ ನನ್ನತ್ತ ಒಮ್ಮೆ ನೋಡಿ ಚಪ್ಪಲಿ ಮೆಟ್ಟಿದರು.

ಸಂಜೆ ನಾನು ಬಾಣಂತಿ ಕೋಣೆಗೆ ಹೋದೆ. ಅತ್ತೆಯ ಮಡಿಲಲ್ಲಿ ಕೂಸು ಮಲಗಿತ್ತು. ಸೋನಾಲಿ ಗೋಡೆಯ ಕಡೆ ಮುಖ ಮಾಡಿದಳು. ಕಿಟಕಿಗೆ ತುರುಕಿದ್ದ ಸೀರೆಯನ್ನು ಹಿಡಿದು ಎಳೆದೆ. ಬಿಗಿಯಾಗಿತ್ತು, ಸ್ವಲ್ಪ ಸ್ವಲ್ಪವೇ ಬಂತು. ಹೊರಗಿನ ತಣ್ಣನೆ ಗಾಳಿ ಒಳಬಂತು. ಅತ್ತೆ ಬಾಯಿ ತೆರೆದರು. ನಾನು ಸೀರೆ ಕೈಯಲ್ಲಿ ಹಿಡಿದುಕೊಂಡೇ ಅವರನ್ನು ನೋಡಿದೆ. ಅವರು ಬಾಯಿ ಮುಚ್ಚಿಕೊಂಡು ಕೂಸಿನ ಕುಲಾಯಿಯನ್ನು ಕಿವಿ ಮುಚ್ಚುವಂತೆ ಕೆಳಗೆಳೆದರು.

ಈ ಕಿಟಕಿ ತೆರೆದಿರುವವರೆಗೂ ಒಲೆ ಹಚ್ಚಿದ್ದು ಯಾರೆಂದು ನಾನು ಯಾರಿಗೂ ಹೇಳುವುದಿಲ್ಲ, ನನ್ನ ಗಂಡನಿಗೂ ಇಲ್ಲ ಎಂದುಕೊಂಡು ಸೀರೆ ಮಡಚಿ ಹೊರಗೆ ಒಯ್ದೆ.