ಮೂರು ದಿನದ ತೂಕ

ಬೆಳ್ಳುಳ್ಳಿ ಸುಲಿಯುವ ಶೆಡ್ಡಿನಲ್ಲಿ ಅತ್ತೆ, ನಾದಿನಿ, ಸೊಸೆ ಮೂವರಿಗೂ ಒಂದೇ ಮೇಜು, ಒಂದೇ ಬುಟ್ಟಿ. ಮೂವರಲ್ಲಿ ಯಾರ ಕೈ ನಿಧಾನವೋ ಅವರನ್ನು ಶನಿವಾರ ತೆಗೆಯುತ್ತೇನೆಂದು ಸೂಪರ್‌ವೈಸರ್ ಹೇಳಿದ್ದ. ಆದರೆ ಒಂದೇ ಬುಟ್ಟಿಯಲ್ಲಿ ಯಾರದೆಷ್ಟು ಎಂದು ಹೇಳುವವರು ಯಾರು? ಒಬ್ಬೊಬ್ಬರನ್ನೇ ಕೂರಿಸೋಣವೆಂದರೆ ಮೂಟೆ ಎತ್ತಿ ಸುರಿಯಲು ಇಬ್ಬರಾದರೂ ಬೇಕು.

ಸೊಸೆ ಹತ್ತನೇ ತರಗತಿಯ ಗಣಿತದಲ್ಲಿ ಶಾಲೆಗೇ ಮೊದಲು ಬಂದವಳು. ಮದುವೆಯಾದ ಮೇಲೆ ಅದನ್ನು ಕೇಳಿದ ಪುಣ್ಯಾತ್ಮರಿಲ್ಲ. ಅತ್ತೆಯ ಬೆರಳು ಸೋತಿರುವುದನ್ನು ಅವಳು ದಿನವೂ ನೋಡುತ್ತಿದ್ದಳು. ಮುದುಕಿ ಮನೆಯಲ್ಲಿ ಕೂತರೆ ದಿನಕ್ಕೆ ಎಂಟು ಗಂಟೆಯಾದರೂ ಆ ಬಾಯಿಂದ ಬಿಡುಗಡೆ.

"ಸಾರ್, ದಿನಕ್ಕೆ ಇಬ್ಬಿಬ್ಬರನ್ನ ಕೂರ್ಸಿ. ಮೂರು ಜೋಡಿ, ಮೂರು ತೂಕ. ಯಾರದೆಷ್ಟು ಅಂತ ನಾನು ಬಿಡಿಸಿ ಕೊಡ್ತೀನಿ," ಎಂದಳು.

ಮೊದಲ ದಿನ ಅಮ್ಮ ಮಗಳು ಕೂತರು. ಮೂವತ್ತೆರಡು ಕಿಲೋ. ಮಾರನೆಯ ದಿನ ಸೊಸೆಯ ಜೊತೆ ಕೂತ ಅತ್ತೆ ಆರು ಸಲ ನೀರು ಕುಡಿಯಲು ಎದ್ದಳು, ಬರೀ ಇಪ್ಪತ್ನಾಲ್ಕು. ಮೂರನೆಯ ದಿನ ನಾದಿನಿಯೂ ಅದೇ ಆಟ ಹೂಡಿದಳು, ಇಪ್ಪತ್ತೆಂಟು. ಸೊಸೆ ತಲೆಯೆತ್ತದೆ ಸುಲಿಯುತ್ತ ಒಳಗೊಳಗೇ ಹಿಗ್ಗಿದಳು. ಸೋಮಾರಿತನ ಮಾಡಲಿ, ಅವರ ತೂಕವೇ ತಾನೇ ಇಳಿಯುವುದು.

ಶನಿವಾರ ಎಲ್ಲರೆದುರು ಸೀಮೆಸುಣ್ಣ ಹಿಡಿದಳು. ಮೂರು ತೂಕ ಕೂಡಿದರೆ ಎಂಬತ್ನಾಲ್ಕು. ಪ್ರತಿಯೊಬ್ಬರೂ ಎರಡೆರಡು ಸಲ ಬಂದಿರುವುದರಿಂದ ಅದರರ್ಧ, ನಲವತ್ತೆರಡು, ಮೂವರದೂ ಸೇರಿ. ಅದರಲ್ಲಿ ಇಪ್ಪತ್ತೆಂಟು ಕಳೆದರೆ ಅತ್ತೆ ಹದಿನಾಲ್ಕು. ಇಪ್ಪತ್ನಾಲ್ಕು ಕಳೆದರೆ ನಾದಿನಿ ಹದಿನೆಂಟು. ಮೂವತ್ತೆರಡು ಕಳೆದರೆ ತಾನು ಹತ್ತು.

ಅವಳು ಮೂರು ತೂಕವನ್ನೂ ಮತ್ತೊಮ್ಮೆ ನೋಡಿದಳು. ತೂಕ ಇಳಿದ ಎರಡು ಬುಟ್ಟಿಯಲ್ಲೂ ಇದ್ದವಳು ತಾನೊಬ್ಬಳೇ. ಅತ್ತೆ ಹೆಬ್ಬೆಟ್ಟು, ಆದರೆ ಸೊಸೆ ಕೂತ ಬುಟ್ಟಿ ಎರಡೂ ದಿನ ಹಗುರಾಗಬೇಕು ಎಂಬಷ್ಟನ್ನು ತಿಳಿಯಲು ಶಾಲೆ ಬೇಕಿರಲಿಲ್ಲ.

"ಸಾರ್, ಇವ್ರು ಬೇಕಂತಾನೇ ನಿಧಾನ ಮಾಡಿದ್ರು. ನಾನೇ ನೋಡ್ದೆ."

"ನೋಡಿದ್ರೆ ಅವತ್ತೇ ಯಾಕಮ್ಮ ಹೇಳ್ಲಿಲ್ಲ?" ಎಂದ ಸೂಪರ್‌ವೈಸರ್.

ಅವಳು ಸೀಮೆಸುಣ್ಣವನ್ನು ಬೆರಳುಗಳ ನಡುವೆ ಹೊರಳಿಸಿದಳು.

"ಲೆಕ್ಕ ತಪ್ಪಿದ್ಯಾ, ಹೇಳು."

"ಇಲ್ಲ ಸಾರ್. ಲೆಕ್ಕ ಸರಿ ಇದೆ."

ಅವನು ಅವಳ ಹೆಸರಿನ ಮೇಲೆ ಗೀಟು ಎಳೆದ. ಅತ್ತೆ ಸೊಸೆಯ ಕೈಯಿಂದ ಸೀಮೆಸುಣ್ಣ ಮೆಲ್ಲಗೆ ತೆಗೆದಿಟ್ಟು, ತನ್ನ ಸೆರಗಿನಿಂದ ಅವಳ ಬೆರಳು ಒರೆಸಿದಳು.

"ಅಳಬೇಡ ಕಣೇ," ಎಂದಳು, "ಸೋಮವಾರದಿಂದ ನಮ್ಮಿಬ್ಬರ ಡಬ್ಬಿ ಏಳು ಗಂಟೆಗೇ ತಯಾರಿರ್ಲಿ."